ಒಂದು ಹಿಡಿ ಹೊಟ್ಟು

ಸುಳ್ಳು ಹೇಳಿದವಳು ನಾನು. ರತ್ನ ಅಲ್ಲ. ಗುಬ್ಬಿಯ ಆ ವಠಾರದಲ್ಲಿ ಮೊನ್ನೆ ಮೊನ್ನೆಯವರೆಗೂ ಯಾರಾದರೂ ಆ ಮಾತೆತ್ತಿದರೆ, ಮನೆಯ ಗುಟ್ಟನ್ನು ಬೀದಿಗೆ ತಂದವಳು ಗಂಗಮ್ಮನ ಮಗಳು ರತ್ನ ಎಂದೇ ಹೇಳುತ್ತಿದ್ದರು. ತಂದವಳು ನಾನು — ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹೈಸ್ಕೂಲು ಟೀಚರು. ತಂದದ್ದು ಸಾಲದು ಎಂದು, ಕೇಳಿದಾಗ ಅದನ್ನು ಹದಿನಾಲ್ಕು ವರ್ಷದ ಹುಡುಗಿಯ ತಲೆಗೆ ಕಟ್ಟಿದೆ. ಅವಳ ಓದು ಅಲ್ಲಿಗೆ ನಿಂತಿತು. ಇಷ್ಟು ಬರೆಯಲು ನನಗೆ ಹದಿನಾರು ವರ್ಷ ಬೇಕಾಯಿತು ಎಂದರೆ, ನನ್ನ ಧೈರ್ಯದ ಅಳತೆ ನಿಮಗೆ ಸಿಕ್ಕಿರಬೇಕು.

ಐವತ್ತರ ದಶಕದ ಮೊದಲ ವರ್ಷಗಳು ಅವು. ನನಗೆ ಇಪ್ಪತ್ತೈದೋ ಇಪ್ಪತ್ತಾರೋ. ನನ್ನ ಹದಿನೇಳಕ್ಕೇ ಗಂಡ ತೀರಿಕೊಂಡಿದ್ದರು. ತುಮಕೂರಿನಲ್ಲಿ ಅಣ್ಣನ ಮನೆಯ ಹಿತ್ತಲಿನ ಕೋಣೆಯಲ್ಲಿ ಕೂತು ಓದಿ, ಟ್ರೈನಿಂಗು ಮುಗಿಸಿ, ಗುಬ್ಬಿಯ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದೆ. ಟೆಂಪರರಿ ಕೆಲಸ. ಒಂಟಿ ಹೆಂಗಸು, ಅದರಲ್ಲೂ ಹಣೆಯಲ್ಲಿ ಕುಂಕುಮವಿಲ್ಲದವಳು — ಯಾರು ಮನೆ ಕೊಡುತ್ತಾರೆ? ಒಂದು ಕಡೆಯಂತೂ, "ಬೆಳಗ್ಗೆ ಎದ್ದು ನಿಮ್ಮ ಮುಖ ನೋಡ್ಬೇಕಲ್ಲ" ಎಂದು ನೇರವಾಗಿಯೇ ಅಂದರು. ಗಂಗಮ್ಮ ಮಾತ್ರ ಹಾಗನ್ನಲಿಲ್ಲ. "ಮುಂದಿನ್ ರೂಮ್ ಖಾಲಿ ಐತೆ, ಇರಿ ಟೀಚರಮ್ಮ. ನಿಮ್ ಮುಖ ನೋಡಿ ಕೆಟ್ಟೋಗೋ ಅಂಥದ್ದು ನಮ್ಮನೇಲಿ ಏನೈತೆ" ಎಂದು ನಕ್ಕರು. ಆ ನಗು ನನ್ನನ್ನು ಉಳಿಸಿತು. ಇದನ್ನು ಮೊದಲೇ ಹೇಳಿಬಿಡಬೇಕು — ನಾನು ದ್ರೋಹ ಮಾಡಿದ್ದು ಊರಿಗೆಲ್ಲ ಬೇಡವಾದವಳನ್ನು ಒಳಗೆ ಕರೆದುಕೊಂಡ ಮನೆಗೆ.

ಗಂಗಮ್ಮನ ಗಂಡ ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುವವರು. ಅರಮನೆ, ಉದ್ಯಾನವನ, ಸ್ವರ್ಗಲೋಕ — ಎಲ್ಲವನ್ನೂ ಬಟ್ಟೆಯ ಮೇಲೆ ಬರೆಯುತ್ತಿದ್ದರಂತೆ. ಸಿನಿಮಾ ಬಂದು ಕಂಪನಿಗಳೆಲ್ಲ ಸೊರಗುತ್ತಿದ್ದ ಕಾಲ. ಅವರ ಕಂಪನಿ ಎಲ್ಲೋ ಉತ್ತರದ ಕಡೆ ಕ್ಯಾಂಪು ಹಾಕಿತ್ತು. ಕಾಗದ ಅಪರೂಪ, ಸಂಬಳ ಇನ್ನೂ ಅಪರೂಪ. ಮನೆಯಲ್ಲಿ ಗಂಗಮ್ಮ, ನನ್ನ ಕ್ಲಾಸಿನಲ್ಲೇ ಓದುತ್ತಿದ್ದ ರತ್ನ, ಅವಳ ಆರು ವರ್ಷದ ತಮ್ಮ ಮಂಜಪ್ಪ. ನಾನು ಕೊಡುತ್ತಿದ್ದ ಬಾಡಿಗೆ ಅವರ ಕೈ ಸೇರದೆ ನೇರ ಮನೆಯ ಮಾಲೀಕರಿಗೆ ಹೋಗುತ್ತಿತ್ತು. ಗಂಗಮ್ಮ ಮುತ್ತುಗದ ಎಲೆ ಹಚ್ಚಿ ಹೋಟೆಲಿಗೆ ಕೊಡುತ್ತಿದ್ದರು. ಅದರಲ್ಲಿ ಸಂಜೆಗೊಂದು ಹೊತ್ತಿನ ಊಟ ಆಗುತ್ತಿತ್ತು. ಆದರೆ ವಠಾರದವರ ಮುಂದೆ — "ನಮ್ಮ ಯಜಮಾನ್ರು ತಿಂಗ್ಳಾ ತಿಂಗ್ಳಾ ಕಳಿಸ್ತಾರೆ" ಎಂಬುದೊಂದೇ ಮಾತು.

ನಾಲ್ಕು ಸಂಸಾರಕ್ಕೆ ಒಂದೇ ಅಂಗಳ, ಒಂದೇ ಬಾವಿ. ಊರಿಗೆ ಹಿಟ್ಟಿನ ಮಿಷನ್ನು ಬಂದಿದ್ದರೂ ಬೆಳಗಾಗುತ್ತಲೇ ನಾಲ್ಕು ಮನೆಯಲ್ಲೂ ರಾಗಿ ಬೀಸುವ ಸದ್ದು. ಒಂದು ಮನೆಯ ಕಲ್ಲು ಎರಡು ದಿನ ಸುಮ್ಮನಿದ್ದರೆ ಮೂರನೆಯ ದಿನ ಬಾವಿಕಟ್ಟೆಯಲ್ಲಿ ವಿಚಾರಣೆ. ಗಂಗಮ್ಮನ ಕಲ್ಲು ಒಂದು ದಿನವೂ ತಪ್ಪಿದ್ದಿಲ್ಲ. ಗೋಡೆಯಾಚೆ ಮಲಗಿದ್ದ ನನಗೆ ಅದರಿಂದಲೇ ಎಚ್ಚರವಾಗುತ್ತಿತ್ತು.

ಒಂದು ಭಾನುವಾರ ಚೇಳೂರಿನ ಕಡೆಯ ಹುಡುಗನೊಬ್ಬನ ಮನೆಯವರು ನನಗೆ ಎರಡು ಸೇರು ರಾಗಿ ಕಳಿಸಿದ್ದರು. ಗಂಗಮ್ಮ ತಮ್ಮ ರಾಗಿಯ ಜೊತೆಗೆ ಅದನ್ನೂ ಬೀಸಿಕೊಡಲಿ ಎಂದು ಮೊರ ಹಿಡಿದುಕೊಂಡು, ಕೂಗದೆಯೇ ಅವರ ಅಡುಗೆಮನೆಗೆ ಹೋದೆ. ಗಂಗಮ್ಮ ಬೀಸುತ್ತಿದ್ದರು. ಪಕ್ಕದಲ್ಲಿ ರಾಗಿ ಇರಲಿಲ್ಲ. ಕಲ್ಲಿನ ಸುತ್ತ ಹಿಟ್ಟೂ ಇರಲಿಲ್ಲ. ಇದ್ದದ್ದು ಒಂದು ಹಿಡಿ ಹೊಟ್ಟು. ಅದನ್ನೇ ಬಾಚಿ ಕಲ್ಲಿನ ಬಾಯಿಗೆ ಹಾಕುತ್ತಾರೆ, ಬೀಸುತ್ತಾರೆ, ಬಿದ್ದದ್ದನ್ನು ಮತ್ತೆ ಬಾಚಿ ಹಾಕುತ್ತಾರೆ. ನನ್ನನ್ನು ಕಂಡರು. ಕೈ ನಿಲ್ಲಿಸಲಿಲ್ಲ. ಬೀಸಬೇಕಾದಷ್ಟು ಹೊತ್ತು ಬೀಸಿ, ಹೊಟ್ಟನ್ನು ಜೋಪಾನವಾಗಿ ಮಡಕೆಗೆ ತುಂಬಿ, ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡರು.

"ಬರೀ ಕಲ್ಲು ಬೀಸ್ಬಾರ್ದು ಟೀಚರಮ್ಮ, ಮನೆಗೆ ಒಳ್ಳೇದಲ್ಲ ಅಂತಾರೆ. ಸದ್ದೂ ಬೇರೆ ತರ ಬರ್ತದೆ. ಅದ್ಕೆ ಒಂದ್ ಹಿಡಿ ಹೊಟ್ಟು. ನಾಳೆಗೂ ಇದೇ ಆಯ್ತದೆ." ಮಡಕೆಯ ಬಾಯಿ ಮುಚ್ಚುತ್ತಾ, "ರತ್ನಂಗೆ ಗೊತ್ತು. ಈಗ ನಿಮ್ಗೆ. ಇನ್ನೊಬ್ರಿಗೆ ಬ್ಯಾಡ" ಎಂದರು.

ನಾನು ಬಗ್ಗಿ ಆ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಮಾತು ಕೊಡುವುದು ಇಲ್ಲ.

ನಾನು ತಂದ ರಾಗಿಯನ್ನು ಅವರು ಪೂರ್ತಿ ಬೀಸಿ, ಪೂರ್ತಿ ಹಿಟ್ಟನ್ನೂ ನನಗೇ ತಂದುಕೊಟ್ಟರು. ಸಹಾಯ ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ಮಾಡಿದೆ — ಸಾರು ಮಾಡಿದ ದಿನ ಒಂದು ಪಾತ್ರೆ ಕಳಿಸುತ್ತಿದ್ದೆ. ಖಾಲಿ ಪಾತ್ರೆ ಹಿಂದಕ್ಕೆ ಕೊಡುವ ಪದ್ಧತಿ ಅವರಲ್ಲಿಲ್ಲ. ಏನೂ ಇಲ್ಲದ ದಿನ ನಾಲ್ಕು ಎಸಳು ಕರಿಬೇವಾದರೂ ಹಾಕಿ ಕೊಡುತ್ತಿದ್ದರು. ಒಂದು ಸಲ ಅದೂ ಸಿಗದೆ ನನ್ನ ಪಾತ್ರೆ ಮೂರು ದಿನ ಅವರ ಮನೆಯಲ್ಲೇ ಉಳಿಯಿತು. ಆಮೇಲೆ ನಾನು ಕಳಿಸುವುದನ್ನೇ ಬಿಟ್ಟೆ. ಆ ಹೆಂಗಸಿಗೆ ಕೊಡುವುದೆಂದರೆ ಕಷ್ಟ ಕೊಟ್ಟಂತೆಯೇ ಆಗುತ್ತಿತ್ತು.

ಹೀಗಿರುವಾಗ ತುಮಕೂರಿನಿಂದ ಸುತ್ತೋಲೆ ಬಂತು. ಪ್ರತಿ ಹೈಸ್ಕೂಲೂ ಸಂಸಾರದ ಕಷ್ಟವನ್ನು ತೋರಿಸುವ ಅರ್ಧ ಗಂಟೆಯ ನಾಟಕ ಆಡಬೇಕು. ಅದನ್ನು ಶಾಲೆಯ ಉಪಾಧ್ಯಾಯರೇ ಬರೆದಿರಬೇಕು. ಚೆನ್ನಾಗಿದ್ದವನ್ನು ತುಮಕೂರಿಗೆ ಕರೆಸಿ ಆಡಿಸುತ್ತಾರೆ. ನಮ್ಮ ಹೆಡ್ಮಾಸ್ಟರು ನನ್ನನ್ನು ಕರೆದು, "ಇದು ನಾಟಕದ ಊರು ಕಣ್ರಮ್ಮ. ಬೇರೆ ತಾಲ್ಲೂಕಿನವರ ಮುಂದೆ ಮಾನ ಹೋಗ್ಬಾರ್ದು" ಎಂದರು. ಎಂದು, ಮೇಜಿನ ಮೇಲಿದ್ದ ಒಂದು ಕಾಗದದ ಮೇಲೆ ಬೆರಳಾಡಿಸಿದರು. ನನ್ನ ಕೆಲಸವನ್ನು ಖಾಯಂ ಮಾಡುವ ಶಿಫಾರಸು ಅದು. ಸಹಿ ಆಗಿರಲಿಲ್ಲ.

ನನಗೆ ನಾಟಕ ಬರೆದು ಗೊತ್ತಿಲ್ಲ. ಗೊತ್ತಿಲ್ಲ ಎನ್ನುವಂತಿರಲಿಲ್ಲ. ಮೊದಲು ಕುಡುಕ ಗಂಡನನ್ನು ಬರೆದೆ. "ಬೇಡಿ. ಎಲ್ಲಾ ಸ್ಕೂಲ್ನೋರೂ ಒಬ್ಬೊಬ್ಬ ಕುಡುಕನ್ನ ಕರ್ಕೊಂಡೇ ಬರ್ತಾರೆ" ಎಂದರು. ಮಲತಾಯಿಯನ್ನು ಬರೆದೆ. ಅದಕ್ಕೂ ಇದೇ ಉತ್ತರ. ಮೂರನೆಯದರಲ್ಲಿ ಕ್ಷಯ ಹಿಡಿದ ತಬ್ಬಲಿ ಹುಡುಗ ಹಾಡುತ್ತಾ ಸಾಯುತ್ತಾನೆ. "ಸಾಯೋನು ಇಷ್ಟುದ್ದ ಹಾಡಿದ್ರೆ ಜನ ಎದ್ದೋಗ್ತಾರೆ. ನಿಜ ಅನ್ನಿಸೋ ಹಂಗೆ ಬರೀರಿ. ಸೋಮವಾರ ಬೇಕು" ಎಂದರು. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಾದೆ. ಇತ್ತ ಕೆಲಸ ಹೋದರೆ ಅತ್ತ ಅಣ್ಣನ ಹಿತ್ತಲಿನ ಕೋಣೆ — ಅತ್ತಿಗೆಯ ಕೈಕೆಳಗೆ ಮುದುಕಿಯಾಗುವವರೆಗೆ.

ಭಾನುವಾರ ಬೆಳಗ್ಗೆ ಬರೀ ಹಾಳೆ ಮುಂದಿಟ್ಟುಕೊಂಡು ಕೂತಿದ್ದೆ. ಗೋಡೆಯಾಚೆ ಕಲ್ಲು ತಿರುಗುತ್ತಿತ್ತು. ಇಷ್ಟು ಹತ್ತಿರ... ಬೇಡ ಎಂದುಕೊಂಡೆ. ಮೊದಲ ಸಾಲು ಬರೆದ ಮೇಲೂ ಬೇಡ ಎಂದುಕೊಂಡೆ. ಸ್ನಾನಕ್ಕೆ ಏಳುವ ಹೊತ್ತಿಗೆ ನಾಟಕ ಮುಗಿದಿತ್ತು. ಗಂಗಮ್ಮನನ್ನು ತುಂಗಮ್ಮ ಮಾಡಿದೆ. ಪರದೆ ಬರೆಯುವ ಗಂಡನನ್ನು ಮಿಲಿಟರಿಗೆ ಕಳಿಸಿದೆ. ಇಷ್ಟೇ ನನ್ನ ಕಲ್ಪನೆ. ಮಿಕ್ಕಿದ್ದೆಲ್ಲ — ಹೊಟ್ಟು, ಮಡಕೆ, 'ನಾಳೆಗೂ ಇದೇ ಆಯ್ತದೆ' — ಎಲ್ಲ ಅವರದ್ದೇ. ನಿಜ ಹೇಳಬೇಕೆಂದರೆ, ಬರೆದು ಮುಗಿಸಿದಾಗ ನನಗೆ ನಾಚಿಕೆಯಾಗಲಿಲ್ಲ. ಖುಷಿಯಾಯಿತು. ಹೆಡ್ಮಾಸ್ಟರು ಕಣ್ಣೊರೆಸಿಕೊಂಡು ಅದಕ್ಕೆ 'ಬಡತನದ ಬೆಳಕು' ಎಂದು ಹೆಸರಿಟ್ಟರು.

ಸ್ಕೂಲಿನ ಹೆಣ್ಣುಮಕ್ಕಳು ನಾಟಕಕ್ಕೆ ವೇಷ ಹಾಕುವ ಕಾಲವಲ್ಲ. ತುಂಗಮ್ಮನ ಪಾತ್ರಕ್ಕೆ ಒಬ್ಬ ತೆಳ್ಳಗಿನ ಹುಡುಗ. ಪರದೆಯ ಹಿಂದೆ ನಿಂತು ಮರೆತ ಮಾತನ್ನು ಎತ್ತಿಕೊಡಲು ಮಾತ್ರ ಸ್ಪಷ್ಟವಾಗಿ ಓದುವವರು ಬೇಕಿತ್ತು. ಕ್ಲಾಸಿನಲ್ಲಿ ಅಷ್ಟು ಸ್ಪಷ್ಟವಾಗಿ ಓದುವವಳು ರತ್ನ ಒಬ್ಬಳೇ. ಮೊದಲ ದಿನ ಅವಳು ಓದುತ್ತಾ ಓದುತ್ತಾ ಹೊಟ್ಟಿನ ಆ ಸಾಲಿಗೆ ಬಂದು ನಿಂತಳು. ಆಮೇಲೆ ಅದನ್ನೂ ಓದಿದಳು, ಅದೇ ಸ್ವರದಲ್ಲಿ. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದಳು. ಸ್ಕೂಲಿನಲ್ಲಿ ನಾನು ಅವಳಿಗೆ ಮೇಡಂ, ಮನೆಯಲ್ಲಿ ಅಕ್ಕ. ಅವತ್ತು ಸ್ಕೂಲಿನಲ್ಲೇ ಅಕ್ಕ ಎಂದಳು.

"ಅಕ್ಕಾ, ಹೊಟ್ಟಿಂದು ಒಂದು ತೆಗ್ದುಬಿಡಿ."

"ಯಾರ್ಗೂ ಗೊತ್ತಾಗಲ್ಲ ಕಣೇ. ನಾಟಕ ತಾನೆ" ಎಂದೆ.

ಅವಳು ಮತ್ತೆ ಕೇಳಲಿಲ್ಲ. ತಾಯಿಗೂ ಹೇಳಲಿಲ್ಲ — ಅಕ್ಕನನ್ನು ಬಿಟ್ಟುಕೊಡಬಾರದು ಎಂದಿರಬೇಕು, ಅಥವಾ ತಾಯಿ ಹೇಗೂ ನಾಟಕಕ್ಕೆ ಬರುವುದಿಲ್ಲ ಎಂಬ ಧೈರ್ಯವಿರಬೇಕು. ಗಂಡನನ್ನು ನುಂಗಿದ ನಾಟಕವೆಂದರೆ ಗಂಗಮ್ಮನಿಗೆ ಆಗುತ್ತಿರಲಿಲ್ಲ. ನಾನೂ ಅದನ್ನೇ ನಂಬಿದ್ದೆ. ಆದರೆ ಆ ವರ್ಷ ಕನ್ನಡದಲ್ಲಿ ರತ್ನಳಿಗೆ ಮೊದಲ ಬಹುಮಾನ. ಮಗಳು ಬಹುಮಾನ ತೆಗೆದುಕೊಳ್ಳುವುದನ್ನು ನೋಡಲು, ಪೆಟ್ಟಿಗೆಯಲ್ಲಿದ್ದ ಒಂದೇ ಒಳ್ಳೆಯ ಸೀರೆ ಉಟ್ಟು, ವಠಾರದ ಹೆಂಗಸರ ಜೊತೆ ಸ್ಕೂಲ್ ಡೇಗೆ ಬಂದೇಬಿಟ್ಟರು. ಬಹುಮಾನ ಮೊದಲು, ನಾಟಕ ಆಮೇಲೆ. ನಡುವೆ ಎದ್ದುಹೋಗಲು ಜಾಗವಿಲ್ಲದಷ್ಟು ಜನ.

ಮಧ್ಯಾಹ್ನ ನಾಲ್ಕರ ಬಿಸಿಲು. ನಾನು ವೇದಿಕೆಯ ಪಕ್ಕದಲ್ಲಿ ನಿಂತಿದ್ದೆ. ಹುಡುಗ ಹೊಟ್ಟನ್ನು ಬಾಚಿದ, ಬೀಸಿದ, ಬಾಚಿದ. "ನಾಳೆಗೂ ಇದೇ ಆಯ್ತದೆ" ಎಂದ. ಹೆಂಗಸರ ಕಡೆ ಮೂಗು ಸೀಟುವ ಸದ್ದು. ಅಷ್ಟರಲ್ಲಿ ಪಕ್ಕದ ಮನೆಯ ನಂಜಮ್ಮ ಅಳುವುದನ್ನು ನಿಲ್ಲಿಸಿ ಮೆಲ್ಲನೆ ಗಂಗಮ್ಮನ ಕಡೆ ತಿರುಗಿದರು. ಆಮೇಲೆ ಅವರ ಪಕ್ಕದವರು. ಅಂಗಡಿಯಿಂದ ರಾಗಿ ಬರುವುದು ಕಾಣದೆ ದಿನಾ ಕಲ್ಲು ಹೇಗೆ ತಿರುಗುತ್ತದೆ ಎಂಬ ಅನುಮಾನ ಅವರಿಗೆಲ್ಲ ಮೊದಲಿಂದಲೂ ಇತ್ತಂತೆ. ಉತ್ತರವನ್ನು ನಾನು ವೇದಿಕೆಯ ಮೇಲಿಟ್ಟಿದ್ದೆ. ಗಂಗಮ್ಮ ಯಾರ ಕಡೆಗೂ ನೋಡದೆ ನೇರ ಕೂತಿದ್ದರು. ಪರದೆಯ ಹಿಂದೆ ರತ್ನ ಕೊನೆಯ ಸಾಲಿನವರೆಗೂ ಮಾತು ಎತ್ತಿಕೊಟ್ಟಳು. ಒಂದು ತಪ್ಪಿಲ್ಲ.

ಮಾರನೆಯ ಬೆಳಗ್ಗೆ ಗೋಡೆಯಾಚೆ ಕಲ್ಲು ತಿರುಗಲಿಲ್ಲ. ಬಾಗಿಲು ತೆರೆದರೆ, ಗಂಗಮ್ಮನ ಹೊಸಿಲಿನ ಮೇಲೆ ಯಾರೋ ಒಂದು ಮೊರ ರಾಗಿ ಹಿಟ್ಟು ಇಟ್ಟು ಹೋಗಿದ್ದರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟಿರಬೇಕು. ಬಾವಿಕಟ್ಟೆಯಲ್ಲಿ ಮಾತ್ರ ಇನ್ನೊಬ್ಬರು, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಕೊಡದೊಳಗೆ ನಕ್ಕದ್ದೂ ಕೇಳಿಸಿತು.

ಒಂಬತ್ತು ಗಂಟೆಯ ಹೊತ್ತಿಗೆ ಗಂಗಮ್ಮ ನನ್ನ ಕೋಣೆಗೆ ಬಂದರು. ಹಿಂದೆ ರತ್ನ. ನನ್ನ ಮೇಜಿನ ಮೇಲೆ ತಿದ್ದಿದ ಪ್ರಬಂಧದ ಪುಸ್ತಕಗಳ ರಾಶಿಯಿತ್ತು.

"ನಿಮ್ನ ಕೇಳ್ದೆ ಬ್ಯಾರೆ ಯಾರ್ನ ಕೇಳ್ಲಿ ಟೀಚರಮ್ಮ. ಅದು ನಿಮ್ಗೆಲ್ಲಿ ಸಿಕ್ತು?"

ನೋಡಿ, ಅವರು 'ನೀವು ಯಾಕೆ ಹೀಗೆ ಮಾಡಿದ್ರಿ' ಎಂದು ಕೇಳಲಿಲ್ಲ. ನಾನು ಕಲ್ಲು ಮುಟ್ಟಿ ಮಾತು ಕೊಟ್ಟಿದ್ದೆನಲ್ಲ — ನಾನು ಮಾಡಿರಲಾರೆ ಎಂದೇ ನಂಬಿ ಬಂದಿದ್ದರು. ಆ ನಂಬಿಕೆಯೇ ನನಗೆ ದಾರಿ ತೋರಿಸಿತು. ನಾನು ಎಂದರೆ ಈ ಕೋಣೆ ಹೋಗುತ್ತದೆ, ಊರಲ್ಲಿ ಇನ್ನೊಂದು ಸಿಗುವುದಿಲ್ಲ, ಆ ಕಾಗದಕ್ಕೆ ಸಹಿ ಆಗುವುದಿಲ್ಲ... ಇಷ್ಟೆಲ್ಲ ಲೆಕ್ಕ ಹಾಕಲು ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ಕೈ ತಾನಾಗಿಯೇ ಹೋಗಿ ಪುಸ್ತಕದ ರಾಶಿಯ ಮೇಲೆ ಕೂತಿತು.

"'ನಮ್ಮ ಮನೆ' ಅಂತ ಪ್ರಬಂಧ ಕೊಟ್ಟಿದ್ದೆ. ರತ್ನ ಬರೆದಿದ್ಲು" ಎಂದೆ.

ಎರಡು ಸಣ್ಣ ವಾಕ್ಯ. ನಾನು ಬರೆದ ನಾಟಕದಲ್ಲಿ ಇಷ್ಟು ಚೆನ್ನಾಗಿ ಕೂತ ಮಾತು ಒಂದೂ ಇರಲಿಲ್ಲ.

ಆ ಪ್ರಬಂಧದಲ್ಲಿ ರತ್ನ ಬರೆದಿದ್ದೇನು ಗೊತ್ತೇ? 'ನಮ್ಮ ಮನೆಯಲ್ಲಿ ದಿನವೂ ರಾಗಿ ಬೀಸುತ್ತೇವೆ. ನಮ್ಮ ತಂದೆಯವರು ತಿಂಗಳಿಗೊಮ್ಮೆ ಹಣ ಕಳಿಸುತ್ತಾರೆ. ನಾವು ಸುಖವಾಗಿದ್ದೇವೆ.' ಪ್ರಬಂಧದ ಪುಸ್ತಕದಲ್ಲೂ ತಾಯಿಯ ಮಾನ ಕಾದಿದ್ದಳು. ಅದನ್ನು ಓದಿ, ಸುಳ್ಳೆಂದು ಗೊತ್ತಿದ್ದೂ ಹತ್ತಕ್ಕೆ ಒಂಬತ್ತು ಕೊಟ್ಟವಳು ನಾನೇ.

"ನಾನ್ ಬರ್ದಿಲ್ಲಮ್ಮ. ಕೊಡಿ ಇಲ್ಲಿ, ಓದ್ತೀನಿ, ಕೇಳಮ್ಮ" ಎಂದು ರತ್ನ ಕೈ ಚಾಚಿದಳು.

ಗಂಗಮ್ಮನಿಗೆ ಅಕ್ಷರ ಬಾರದು. ಮಗಳ ಕೈಯನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ನಾನು ರಾಶಿಯ ಮೇಲಿಂದ ಕೈ ತೆಗೆಯಲಿಲ್ಲ.

"ನೀನ್ ಓದಿದ್ ಸಾಕು" ಎಂದರು. "ಪಾಠ ಹೇಳ್ಕೊಡೋರು ಸುಳ್ ಹೇಳ್ತಾರಾ? ಮನೆ ಮಾತ್ನ ಪುಸ್ತಕಕ್ಕೆ ಬರ್ಯೋದಾದ್ರೆ ಈ ಓದು ನಮ್ಗೆ ಬ್ಯಾಡ. ನಾಳೆಯಿಂದ ಎಲೆ ಹಚ್ಚೋಕೆ ಕೂತ್ಕೋ."

ರತ್ನ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದಳಲ್ಲ, ಹಾಗೆ ನೋಡಿದಳು. ಆಗ ಒಂದು ಮಾತು... ಒಂದೇ ಒಂದು ಮಾತು ಸಾಕಾಗಿತ್ತು. ಗಂಗಮ್ಮ ಹೋಗುವಾಗ ನನಗೆ ಕೈ ಮುಗಿದು, "ತಪ್ಪು ತಿಳ್ಕೋಬ್ಯಾಡಿ ಟೀಚರಮ್ಮ" ಎಂದರು. ನನಗೆ.

ಅವತ್ತು ಸಂಜೆ ನೀರೊಲೆಗೆ ಬೆಂಕಿ ಹಾಕುವಾಗ ರತ್ನಳ ಆ ಪ್ರಬಂಧದ ಪುಸ್ತಕವನ್ನೂ ಹಾಕಿದೆ. ಸುಳ್ಳು ಹೇಳಿದ್ದು ಹೆದರಿಕೆಯಿಂದ ಎಂದು ಯಾರಾದರೂ ಕ್ಷಮಿಸಬಹುದೇನೋ. ಇದನ್ನು ಮಾಡಿದಾಗ ನನಗೆ ಹೆದರಿಕೆ ಇರಲಿಲ್ಲ. ರತ್ನ ಪುಸ್ತಕ ಕೇಳಿದರೆ ಏನು ಹೇಳಬೇಕೆಂದು ಮೊದಲೇ ಯೋಚಿಸಿಟ್ಟುಕೊಂಡು ಹಾಕಿದೆ.

ಕಾಗದಕ್ಕೆ ಸಹಿ ಬಿತ್ತು. ನಾಟಕ ತುಮಕೂರಿಗೆ ಹೋಯಿತು, ಜನ ಅತ್ತರು, ನನಗೆ ಹಾರ ಹಾಕಿದರು. ಇನ್ನೂ ಎಂಟು ತಿಂಗಳು ಅದೇ ಕೋಣೆಯಲ್ಲಿದ್ದೆ — ಬೇರೆ ಯಾರು ಕೊಡುತ್ತಾರೆ? ನಾನು ಉಳಿಸಿಕೊಂಡದ್ದು ಆ ಕೋಣೆಯನ್ನು. ಆಮೇಲೆ ಆ ಕೋಣೆ ನನ್ನನ್ನು ಬಿಡಲಿಲ್ಲ. ಬೆಳಗ್ಗೆ ಸ್ಕೂಲಿಗೆ ಹೊರಟರೆ ರತ್ನ ಜಗಲಿಯಲ್ಲಿ ಎಲೆ ಹಚ್ಚುತ್ತಾ ಕೂತಿರುತ್ತಿದ್ದಳು. ಅವಳನ್ನು ದಾಟದೆ ಬೀದಿಗೆ ಹೋಗಲು ಇನ್ನೊಂದು ದಾರಿ ಇರಲಿಲ್ಲ. ನನಗೆ ನೀರು ಸೇದಿ ತಂದಿಡುವುದನ್ನು ಅವಳು ನಿಲ್ಲಿಸಲಿಲ್ಲ, ತಾಯಿ ಹೇಳಿದ್ದರು. ಆ ನೀರನ್ನೇ ಕುಡಿಯುತ್ತಿದ್ದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಪಾಡು — ಉಗುಳುವಂತಿಲ್ಲ, ನುಂಗುವಂತಿಲ್ಲ.

ಬೇಡಿ ಬೇಡಿ ಕುಣಿಗಲ್ಲಿಗೆ ವರ್ಗ ಮಾಡಿಸಿಕೊಂಡೆ. ನಾನು ಹೋಗುವ ಮೊದಲೇ ನನ್ನ ಹೆಸರು ಅಲ್ಲಿಗೆ ಹೋಗಿತ್ತು. "ನಿಮ್ಮ ನಾಟಕ ನಮ್ಮ ಮಕ್ಕಳಿಗೂ ಕಲಿಸಿ" ಎಂದರು. ಇಲ್ಲವೆನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ಎಲ್ಲವನ್ನೂ ಹೇಳಬೇಕಿತ್ತು. ಕಲಿಸಿದೆ. ಒಂದು ಸಲವಲ್ಲ, ನಾಲ್ಕು ಸಲ. ಪ್ರತಿ ಸಲವೂ ಆ ಸಾಲು ಬಂದಾಗ ಚಪ್ಪಾಳೆ.

ಮೊನ್ನೆ ಜೂನ್ ತಿಂಗಳಲ್ಲಿ, ಎಂಟನೆಯ ತರಗತಿಗೆ ಹುಡುಗಿಯೊಬ್ಬಳನ್ನು ಸೇರಿಸಲು ಕೊತ್ತಗೆರೆಯಿಂದ ಒಬ್ಬ ಹೆಂಗಸು ಬಂದಳು. ಅರ್ಜಿ ತುಂಬಿಸಿಕೊಳ್ಳುವ ಕೆಲಸ ನನ್ನದಾಗಿತ್ತು. ಹೆಸರು ಕೇಳುವ ಮೊದಲೇ, ಓದಿ ನೋಡಿ ಸಹಿ ಮಾಡುವ ಆ ರೀತಿಯಿಂದ ಗುರುತು ಹತ್ತಿತು. ರತ್ನ. ಹದಿನಾರಕ್ಕೇ ಮದುವೆ ಮಾಡಿದ್ದರಂತೆ. ಮಗಳನ್ನು ಹೊರಗೆ ಕಳಿಸಿ, "ಅಕ್ಕ, ಚೆನ್ನಾಗಿದೀರಾ?" ಎಂದಳು.

"ರತ್ನ, ಅವತ್ತು ನಾನು..." ಎಂದೆ.

"ನಂಗ್ಯಾಕೆ ಹೇಳ್ತೀರ ಅಕ್ಕ. ನಂಗೆ ಅವತ್ತೇ ಗೊತ್ತಿತ್ತಲ್ಲ." ದನಿ ಏರಿಸಲಿಲ್ಲ. "ಅಮ್ಮಂಗೆ ಹೇಳ್ಬೇಕಾಗಿತ್ತು. ಈ ವರ್ಷ ಬರ್ತೀರ, ಮುಂದಿನ್ವರ್ಷ ಬರ್ತೀರ ಅಂತ ಕಾದೆ. ಅಮ್ಮ ಹೋಗಿ ಎರಡ್ ವರ್ಷ ಆಯ್ತು."

ಆಮೇಲೆ ಇನ್ನೊಂದು ವಿಷಯ ಹೇಳಿದಳು, ದೂರಿನಂತಲ್ಲ, ಸುದ್ದಿ ಹೇಳಿದಂತೆ. ತಾಯಿ ಹೋದ ಮೇಲೆ ತಮ್ಮ ಗೌರಿ ಹಬ್ಬಕ್ಕೆ ಬಾಗಿನ ಕಳಿಸುವುದಿಲ್ಲ, ಹಬ್ಬಕ್ಕೆ ಕರೆಯುವುದಿಲ್ಲ. ಮನೆಯ ಮಾತನ್ನು ಹೊರಗೆ ಹಾಕುವವಳು ಎಂದು ತಾಯಿ ಬದುಕಿದ್ದಾಗ ಆಡಿದ್ದನ್ನೇ ಅವನೂ ನಂಬಿದ್ದಾನೆ. "ಎಷ್ಟ್ ಹೇಳಿದ್ರೂ ನಂಬಲ್ಲ. ಟೀಚರಮ್ಮ ಸುಳ್ ಹೇಳ್ತಾರಾ ಅಂತಾನೆ" ಎಂದು ನಕ್ಕಳು. ಮಗಳನ್ನು ಕರೆದುಕೊಂಡು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಹೋದ ಭಾನುವಾರ ಗುಬ್ಬಿಗೆ ಹೋದೆ. ಮಂಜಪ್ಪನಿಗೆ ಈಗ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು. ಅಂಗಡಿಗೆ ಹೋಗದೆ ವಠಾರಕ್ಕೇ ಹೋಗಿ ಕಾದೆ, ನಾಲ್ಕು ಜನ ಕೇಳಬೇಕಿತ್ತು. ಕಣ್ಣು ಮಂಜಾದ ನಂಜಮ್ಮ ಜಗಲಿಯಲ್ಲಿದ್ದರು. ಮಂಜಪ್ಪ ಊಟಕ್ಕೆ ಬಂದವನು ನನ್ನನ್ನು ಕಂಡು ಖುಷಿಯಿಂದ ಚಾಪೆ ಹಾಸಲು ಹೋದ. ಬೇಡ ಎಂದು, ಅಂಗಳದಲ್ಲಿ ನಿಂತೇ ಹೇಳಿದೆ. ನಾಟಕ, ಸುಳ್ಳು, ಸುಟ್ಟ ಪುಸ್ತಕ — ಯಾವುದನ್ನೂ ಬಿಡಲಿಲ್ಲ. ಒಳಗಿದ್ದವರೂ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು.

ಅವನು ಕೈಯಲ್ಲಿದ್ದ ಚಾಪೆಯನ್ನು ಮೆಲ್ಲನೆ ಸುತ್ತಿ ಗೋಡೆಗೆ ಒರಗಿಸಿದ.

"ಅಮ್ಮ ಕೊನೆವರ್ಗೂ ಅಕ್ಕನ್ ಜೊತೆ ಸರ್ಯಾಗಿ ಮಾತಾಡ್ಲಿಲ್ಲ" ಎಂದ. ನನ್ನ ಕಡೆ ತಿರುಗಿ, "ಇಷ್ಟ್ ವರ್ಷ ಎಲ್ಲಿದ್ರಿ ನೀವು?" ಎಂದು ಕೇಳಿದ.

ಎಲ್ಲಾದರೂ ದೂರದ ಊರಿನ ಹೆಸರು ಬಾಯಿಗೆ ಬರಬಾರದೇ ಅನ್ನಿಸಿತು.

"ಕುಣಿಗಲ್ಲಿನಲ್ಲಿ" ಎಂದೆ. ಬೆಳಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಗುಬ್ಬಿ.